ಬೆಂಗಳೂರು ಬೇಡ ಅಂದ ಮೇಷ್ಟ್ರು

ಸರ್ ಸಿ.ವಿ. ರಾಮನ್ ಬಗ್ಗೆ ಯಾರೇ ಬರೆಯಲಿ, ಒಂದು ಕಥೆ ತಪ್ಪದೆ ಬರುತ್ತೆ. ಹಿಟ್ಲರನ ಕಾಟಕ್ಕೆ ಜರ್ಮನಿ ಬಿಟ್ಟ ಮ್ಯಾಕ್ಸ್ ಬಾರ್ನ್ ಅನ್ನೋ ದೊಡ್ಡ ವಿಜ್ಞಾನಿಯನ್ನ ರಾಮನ್ ಬೆಂಗಳೂರಿಗೆ ಕರೆಸಿದರು, ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ಖಾಯಂ ಮಾಡಿಸಲು ನೋಡಿದರು, ಆಸ್ಟನ್ ಅನ್ನೋ ಇಂಗ್ಲಿಷ್ ಪ್ರೊಫೆಸರ್ ಅಡ್ಡಗಾಲು ಹಾಕಿದ, ಬಾರ್ನ್ ಹೊರಟುಹೋದರು, ಆಮೇಲೆ 1954ರಲ್ಲಿ ಅವರಿಗೆ ನೊಬೆಲ್ ಬಂತು. ಕಥೆಯ ಕೊನೆಗೆ ಒಂದು ನಿಟ್ಟುಸಿರು. ಛೆ, ನಮ್ಮೂರಿಗೆ ಇನ್ನೊಂದು ನೊಬೆಲ್ ತಪ್ಪಿಹೋಯ್ತಲ್ಲ ಅಂತ.

ಕಥೆ ನಿಜ. ನನ್ನ ತಕರಾರಿರೋದು ಆ ನಿಟ್ಟುಸಿರಿನ ಬಗ್ಗೆ. ಬಾರ್ನ್‌ಗೆ ನೊಬೆಲ್ ಬಂದಿದ್ದು 1926ರಲ್ಲಿ ಜರ್ಮನಿಯಲ್ಲಿ ಕೂತು ಮಾಡಿದ ಕೆಲಸಕ್ಕೆ. ಅವರು ಬೆಂಗಳೂರಲ್ಲಿ ಸಾಯೋವರೆಗೂ ಇದ್ದಿದ್ದರೂ ಆ ಕೆಲಸ ನಮ್ಮದಾಗ್ತಿರಲಿಲ್ಲ. ನಾವು ಕಳಕೊಂಡಿದ್ದು ನೊಬೆಲ್ ಅಲ್ಲ, ಒಬ್ಬ ಮೇಷ್ಟ್ರನ್ನ. ಎಂಥಾ ಮೇಷ್ಟ್ರು ಅನ್ನೋದನ್ನ ಯಾರೂ ಸರಿಯಾಗಿ ಹೇಳಲ್ಲ, ಅದಕ್ಕೇ ಇಷ್ಟುದ್ದ ಬರೀತಿರೋದು.

ಬಾರ್ನ್ ಹುಟ್ಟಿದ್ದು 1882ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲೌ ಊರಲ್ಲಿ (ಈಗ ಅದು ಪೋಲೆಂಡಿನ ಊರು). 1906ರಲ್ಲಿ ಗಟಿಂಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟು. 1909ರಲ್ಲಿ ಅಲ್ಲೇ 'ಪ್ರಿವಾಟ್‌ಡೋಟ್ಸೆಂಟ್' ಆದರು. ಹೆಸರು ಕೇಳಿ ಗಾಬರಿಯಾಗಬೇಡಿ, ನಮ್ಮ ಅತಿಥಿ ಉಪನ್ಯಾಸಕರ ಜರ್ಮನ್ ಅಣ್ಣ ಅಂತಿಟ್ಕೊಳ್ಳಿ :) ಪಾಠ ಮಾಡೋ ಹಕ್ಕು ಉಂಟು, ಸಂಬಳ ಇಲ್ಲ, ವಿದ್ಯಾರ್ಥಿಗಳು ಕಟ್ಟೋ ಫೀಸೇ ಗತಿ. ಮನೆ ಕಡೆ ಅನುಕೂಲ ಇದ್ದೋರಿಗೆ ಮಾತ್ರ ಸಾಧ್ಯವಾಗ್ತಿದ್ದ ಕೆಲಸ. ಬಾರ್ನ್‌ಗೆ ಅನುಕೂಲ ಇತ್ತು.

1915ರಲ್ಲಿ ಪ್ಲಾಂಕ್ ಅವರ ಪಾಠದ ಹೊರೆ ಇಳಿಸೋಕೆ ಅಂತ ಬರ್ಲಿನ್ನಿಗೆ ಕರೆ ಬಂತು. ಅಲ್ಲಿ ಐನ್‌ಸ್ಟೈನ್ ಗೆಳೆಯರಾದರು. ಇವರ ಪಿಯಾನೋ, ಅವರ ಪಿಟೀಲು. 1919ರಲ್ಲಿ ಫ್ರಾಂಕ್‌ಫರ್ಟಿನ ಲೌಎ ಅವರಿಗೆ ಬರ್ಲಿನ್ ಬೇಕಿತ್ತು, ಇಬ್ಬರೂ ಜಾಗ ಅದಲು ಬದಲು ಮಾಡಿಕೊಂಡರು. ನಮ್ಮ ಮೇಷ್ಟ್ರುಗಳ ಪರಸ್ಪರ ವರ್ಗಾವಣೆ ಇದ್ದಹಾಗೆ! ಫ್ರಾಂಕ್‌ಫರ್ಟಿನಲ್ಲಿ ಬಾರ್ನ್ ಅವರ ಸಹಾಯಕರಾಗಿದ್ದವರು ಆಟೋ ಸ್ಟರ್ನ್. ಸ್ಟರ್ನ್ ಮತ್ತು ಗರ್ಲಾಕ್ ಸೇರಿ ಮಾಡಿದ ಪ್ರಯೋಗ ಇವತ್ತಿಗೂ ಎಂಎಸ್ಸಿ ಪಠ್ಯದಲ್ಲಿದೆ. ಯುದ್ಧ ಸೋತ ದೇಶ, ದುಡ್ಡಿಲ್ಲ. ಇಲಾಖೆಗೆ ದುಡ್ಡು ಹೊಂದಿಸೋಕೆ ಬಾರ್ನ್ ಏನು ಮಾಡಿದರು ಗೊತ್ತೆ? ಊರ ಜನಕ್ಕೆ ಸಾಪೇಕ್ಷತೆಯ ಬಗ್ಗೆ ಭಾಷಣ ಮಾಡಿ, ಟಿಕೆಟ್ ಇಟ್ಟು ದುಡ್ಡು ಎತ್ತಿದರು.

1921ರಲ್ಲಿ ಗಟಿಂಗನ್ನಿಗೆ ಪ್ರೊಫೆಸರಾಗಿ ವಾಪಸ್ಸು. ನಂಗಿಷ್ಟ ಆಗೋದು ಇಲ್ಲಿಂದ ಮುಂದಿನ ಹನ್ನೆರಡು ವರ್ಷ. ಬರೋಕೆ ಮುಂಚೆಯೇ ಬಾರ್ನ್ ಪಟ್ಟು ಹಿಡಿದರು: ನನ್ನ ಜೊತೆ ಜೇಮ್ಸ್ ಫ್ರಾಂಕ್ ಅವರನ್ನೂ ಪ್ರಯೋಗದ ಕಡೆಗೆ ಪ್ರೊಫೆಸರಾಗಿ ತಗೋಬೇಕು ಅಂತ. ತನಗೆ ಸಿಕ್ಕ ಹುದ್ದೆಯನ್ನ ಇನ್ನೊಬ್ಬ ಒಳ್ಳೆಯವನಿಗೂ ಜಾಗ ಮಾಡಿಸೋಕೆ ಬಳಸಿಕೊಳ್ಳೋದು... ನಮ್ಮಲ್ಲಿ ಎಷ್ಟು ಜನ ಮಾಡ್ತಾರೆ ಹೇಳಿ.

ಅವರ ಮೊದಮೊದಲ ಸಹಾಯಕ ಪೌಲಿ. ಮಹಾ ಬುದ್ಧಿವಂತ, ಬೆಳಿಗ್ಗೆ ಏಳೋದೇ ಇಲ್ಲ. ಬಾರ್ನ್‌ಗೆ ಆಸ್ತಮಾ ಇತ್ತು. ಉಬ್ಬಸ ಎದ್ದ ದಿನ ಹನ್ನೊಂದು ಗಂಟೆ ಕ್ಲಾಸನ್ನ ಪೌಲಿ ತಗೋಬೇಕು. ಹತ್ತೂವರೆಗೆ ಮನೆ ಕೆಲಸದವಳನ್ನ ಕಳಿಸಿ ಅವನನ್ನ ಎಬ್ಬಿಸಬೇಕಾಗ್ತಿತ್ತಂತೆ. ಆಮೇಲೆ ಬಂದವನು ಹೈಸನ್‌ಬರ್ಗ್. 1925ರ ಜುಲೈನಲ್ಲಿ ಆ ಹುಡುಗ ಒಂದು ವಿಚಿತ್ರ ಲೆಕ್ಕ ಬರೆದು ತಂದು ಮೇಷ್ಟ್ರ ಕೈಗೆ ಕೊಟ್ಟ. ಅದರಲ್ಲಿ ಎರಡು ರಾಶಿಗಳನ್ನ ಯಾವ ಕ್ರಮದಲ್ಲಿ ಗುಣಿಸ್ತೀವಿ ಅನ್ನೋದರ ಮೇಲೆ ಉತ್ತರವೇ ಬದಲಾಗ್ತಿತ್ತು. ಇದು ಮ್ಯಾಟ್ರಿಕ್ಸ್ ಗುಣಾಕಾರ ಅಂತ ಗುರುತಿಸಿದ್ದು ಬಾರ್ನ್. ಹೈಸನ್‌ಬರ್ಗ್‌ಗೆ ಆಗ ಮ್ಯಾಟ್ರಿಕ್ಸ್ ಅಂದರೇನು ಅಂತಲೇ ಗೊತ್ತಿರಲಿಲ್ಲ. ಜೊತೆಗೆ ಕೆಲಸ ಮಾಡ್ತೀಯಾ ಅಂತ ಬಾರ್ನ್ ಮೊದಲು ಕೇಳಿದ್ದು ಪೌಲಿಯನ್ನ. ಅವನು ಮೇಷ್ಟ್ರ ಗಣಿತದ ಹುಚ್ಚನ್ನ ಹಂಗಿಸಿ ಆಗಲ್ಲ ಅಂದ. ಆಮೇಲೆ ಯೋರ್ಡಾನ್ ಅನ್ನೋ ಇನ್ನೊಬ್ಬ ಹುಡುಗನ ಜೊತೆ ಸೇರಿ ಆ ಲೆಕ್ಕಕ್ಕೆ ಒಂದು ರೂಪ ಕೊಟ್ಟರು. ಬಾರ್ನ್ ಸಮಾಧಿಯ ಮೇಲೆ ಕೆತ್ತಿರೋದು ಅದೇ ಸಮೀಕರಣ.

ಅದರ ಮರುವರ್ಷ, 1926ರಲ್ಲಿ, ಅಲೆಯ ಸಮೀಕರಣ ಹೇಳೋದು ಕಣ ಎಲ್ಲಿದೆ ಅಂತಲ್ಲ, ಎಲ್ಲಿ ಸಿಗಬಹುದು ಅನ್ನೋದರ ಸಂಭವನೀಯತೆಯನ್ನ ಅಂತ ಬಾರ್ನ್ ಬರೆದರು. ಸಂಭವನೀಯತೆ ಅಲೆಯ ಬೆಲೆಯಲ್ಲ, ಅದರ ವರ್ಗ ಅನ್ನೋ ತಿದ್ದುಪಡಿ ಇದ್ದದ್ದು ಪ್ರೂಫ್ ನೋಡುವಾಗ ಸೇರಿಸಿದ ಒಂದು ಅಡಿಟಿಪ್ಪಣಿಯಲ್ಲಿ! ದೇವರು ದಾಳ ಹಾಕಲ್ಲ ಅಂತ ಐನ್‌ಸ್ಟೈನ್ ಕಾಗದ ಬರೆದದ್ದು ಇದೇ ಬಾರ್ನ್‌ಗೆ.

ಆದರೆ ನನಗೆ ಸಮೀಕರಣಗಳಿಗಿಂತ ಹೆಚ್ಚು ನೆನಪಿರೋದು ಆಪನ್‌ಹೈಮರ್ ಪ್ರಸಂಗ. 1926ರಲ್ಲಿ ಗಟಿಂಗನ್ನಿಗೆ ಬಂದ ಆಪನ್‌ಹೈಮರ್ ಸೆಮಿನಾರಿನಲ್ಲಿ ಯಾರಿಗೂ ಮಾತಾಡೋಕೆ ಬಿಡ್ತಿರಲಿಲ್ಲ, ಮೇಷ್ಟ್ರಿಗೂ ಸೇರಿಸಿ. ರೋಸಿಹೋದ ಹುಡುಗರು, ಇವನ ಬಾಯಿ ಮುಚ್ಚಿಸದಿದ್ದರೆ ನಾವು ಕ್ಲಾಸಿಗೆ ಬರಲ್ಲ ಅಂತ ಬಾರ್ನ್‌ಗೆ ಮನವಿ ಕೊಟ್ಟರು. ಮುಖಕ್ಕೆ ಹೊಡೆದಂತೆ ಹೇಳೋ ಸ್ವಭಾವ ಬಾರ್ನ್‌ದಲ್ಲ. ಆ ಕಾಗದವನ್ನ ಮೇಜಿನ ಮೇಲೆ ಕಾಣೋ ಹಾಗೆ ಇಟ್ಟು, ಆಪನ್‌ಹೈಮರ್ ಬಂದಾಗ ಏನೋ ನೆಪದಲ್ಲಿ ಎದ್ದು ಹೊರಗೆ ಹೋದರು. ವಾಪಸ್ಸು ಬರೋ ಹೊತ್ತಿಗೆ ಹುಡುಗನ ಮುಖ ಬಿಳುಚಿತ್ತು. ಮುಂದೆ ಸೆಮಿನಾರ್ ಸುಸೂತ್ರ. ಮನವಿ ಕೊಟ್ಟವರ ಮುಂದಾಳು ಮರಿಯಾ ಗೋಪರ್ಟ್. ಆಕೆಗೂ ಮುಂದೆ, 1963ರಲ್ಲಿ, ನೊಬೆಲ್ ಬಂತು.

ಹೀಗಿದ್ದ ಮನುಷ್ಯನ ಹೆಸರು 1933ರ ಏಪ್ರಿಲ್‌ನಲ್ಲಿ, ಕೆಲಸದಿಂದ ತೆಗೆದವರ ಪಟ್ಟಿಯಲ್ಲಿ, ಪೇಪರಿನಲ್ಲಿ ಬಂತು. ಕಾರಣ ಒಂದೇ, ಹುಟ್ಟಿನಿಂದ ಯಹೂದಿ. ಐವತ್ತು ವರ್ಷ ವಯಸ್ಸು, ಮೂರು ಮಕ್ಕಳು. ಕೇಂಬ್ರಿಜ್‌ನಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಅದು ಮುಗಿಯೋ ಹೊತ್ತಿಗೆ ರಾಮನ್ ಕರೆದರು.

ರಾಮನ್ 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಮೊದಲ ಭಾರತೀಯ ನಿರ್ದೇಶಕರಾಗಿದ್ದರು. ಬಾರ್ನ್ ದಂಪತಿ 1935ರ ಕೊನೆಗೆ ಬಂದು ಸುಮಾರು ಆರು ತಿಂಗಳು ಇಲ್ಲಿದ್ದರು. ಬಾರ್ನ್ ಪಾಠ ಮಾಡಿದರು, 137 ಅನ್ನೋ ನಿಗೂಢ ಸಂಖ್ಯೆಯ ಬಗ್ಗೆ ರಾಮನ್ ಕಟ್ಟಿದ್ದ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದರು, ರಾಮನ್ ಶಿಷ್ಯ ನಾಗೇಂದ್ರನಾಥ್ ಜೊತೆ ಸೇರಿ ಒಂದು ಪ್ರಬಂಧ ಪ್ರಕಟಿಸಿದರು. ರಾಮನ್‌ಗೆ ಖುಷಿಯಾಗಿ ಇವರನ್ನ ಇಲ್ಲೇ ಉಳಿಸಿಕೊಳ್ಳೋಣ ಅಂತ ಪ್ರಾಧ್ಯಾಪಕರ ಸಭೆಯ ಮುಂದೆ ಇಟ್ಟರು. ಸಭೆಯಲ್ಲಿ ಬಾರ್ನ್ ಕೂಡ ಕೂತಿದ್ದರು. ಎಲೆಕ್ಟ್ರಿಕಲ್ ಇಂಜಿನಿಯರಿಂಗಿನ ಆಸ್ಟನ್ ಎದ್ದು ನಿಂತು, ತನ್ನ ದೇಶದಿಂದಲೇ ಓಡಿಸಿಕೊಂಡು ಬಂದ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಅನ್ನೋ ಅರ್ಥದ ಮಾತಾಡಿದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟೆ ಅಂತ ಬಾರ್ನ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಇಲ್ಲಿಗೆ ಆಸ್ಟನ್‌ಗೆ ಶಾಪ ಹಾಕಿ ಕಥೆ ಮುಗಿಸೋದು ರೂಢಿ. ಆಸ್ಟನ್ ಆಡಿದ ಮಾತಿಗೆ ಕ್ಷಮೆ ಇಲ್ಲ, ಸರಿ. ಆದರೆ ಒಬ್ಬ ಎಲೆಕ್ಟ್ರಿಕಲ್ ಪ್ರೊಫೆಸರ್ ಒಂದು ಮಾತಾಡಿದ ಅಂತ ಒಂದು ಹುದ್ದೆ ತಪ್ಪಿಹೋಗೋಕೆ ಸಭೆಯ ಗಾಳಿಯೂ ಹಾಗೇ ಇರಬೇಕಲ್ಲವೆ? ಅಲ್ಲಿ ರಾಮನ್ ಮೇಲೆ ಸಿಟ್ಟು ಹೊಗೆಯಾಡ್ತಿತ್ತು. ಭೌತಶಾಸ್ತ್ರ ವಿಭಾಗ ಹೊಸದಾಗಿ ಶುರುವಾಗಿ, ಅದಕ್ಕೆ ಬೇಕಾದ ದುಡ್ಡು ಬೇರೆ ವಿಭಾಗಗಳ ಹೊಟ್ಟೆಗೆ ಹೊಡೆದು ಬರ್ತಿದೆ ಅನ್ನೋ ದೂರಿತ್ತು. ರಾಮನ್ ಒಪ್ಪಿಸಿ ಕೆಲಸ ಮಾಡೋ ಜಾತಿಯಲ್ಲ, ಆಗಬೇಕು ಅಂದರೆ ಆಗಬೇಕು. 1936ರಲ್ಲಿ ಅರ್ವಿನ್ ಸಮಿತಿ ಬಂದು ವಿಚಾರಣೆ ಮಾಡಿತು, 1937ರಲ್ಲಿ ರಾಮನ್ ನಿರ್ದೇಶಕರ ಕುರ್ಚಿ ಬಿಟ್ಟು ಬರೀ ಪ್ರೊಫೆಸರಾಗಿ ಉಳಿದರು. ಅಂದರೆ ಬಾರ್ನ್ ಸಿಕ್ಕಿಕೊಂಡಿದ್ದು ಬೇರೆಯವರ ಜಗಳದ ಮಧ್ಯೆ. ಅವರ ಮೇಷ್ಟ್ರಿಕೆ ಹೇಗಿದೆ ಅನ್ನೋದನ್ನ ಆ ಸಭೆ ತೂಗಲೇ ಇಲ್ಲ. ಇವನು ಯಾರ ಕಡೆಯವನು ಅಂತ ನೋಡಿತು, ಅಷ್ಟೆ. ರಾಮನ್ ಭಕ್ತರು ನನ್ನ ಮೇಲೆ ಮುನಿಸಿಕೊಂಡರೂ ಪರವಾಗಿಲ್ಲ, ಇದರಲ್ಲಿ ರಾಮನ್ ಪಾಲೂ ಇದೆ ಅಂತಲೇ ನನ್ನ ಅಭಿಪ್ರಾಯ.

ಬಾರ್ನ್ ಇಂಗ್ಲೆಂಡಿಗೆ ಮರಳಿದರು. ಮಾಸ್ಕೋಗೆ ಬಾ ಅಂತ ಕಪಿಟ್ಸಾ ಕರೆದಿದ್ದರು, ಪಾಪ ರಷ್ಯನ್ ಕಲಿಯೋಕೂ ಶುರುಮಾಡಿದ್ದರಂತೆ. ಅಷ್ಟರಲ್ಲಿ ಎಡಿನ್‌ಬರೋದಲ್ಲಿ ಒಂದು ಪೀಠ ಖಾಲಿಯಾಯ್ತು. 1936ರಿಂದ 1953ರವರೆಗೆ ಹದಿನೇಳು ವರ್ಷ ಅಲ್ಲೇ ಪಾಠ. ಬೆಂಗಳೂರು ಕಳಕೊಂಡಿದ್ದು ಏನು ಅಂತ ನೋಡಬೇಕಾದರೆ ಆ ಕ್ಲಾಸುಗಳಲ್ಲಿ ಯಾರು ಕೂತಿದ್ದರು ಅಂತ ನೋಡಬೇಕು. ಚೀನಾದಿಂದ ಪೆಂಗ್ ಹುಆನ್‌ವು ಬಂದ. ಆಮೇಲೆ ಚೆಂಗ್ ಕಾಯ್‌ಜಿಯಾ, ಯಾಂಗ್ ಲಿಮಿಂಗ್. ಹುವಾಂಗ್ ಕುನ್ ಜೊತೆ ಸೇರಿ ಬಾರ್ನ್ ಬರೆದ ಸ್ಫಟಿಕ ಜಾಲಗಳ ಪುಸ್ತಕ 1954ರಲ್ಲಿ ಅಚ್ಚಾಯ್ತು, ಆ ವಿಷಯಕ್ಕೆ ಇವತ್ತಿಗೂ ಅದೇ ಮೂಲಗ್ರಂಥ. ಇವರೆಲ್ಲ ಚೀನಾಕ್ಕೆ ವಾಪಸ್ಸು ಹೋಗಿ ಅಲ್ಲಿ ಪಾಠ ಹೇಳಿದರು, ವಿಭಾಗಗಳನ್ನ ಕಟ್ಟಿದರು. ಹುವಾಂಗ್ ಕುನ್ ಇಲ್ಲದೆ ಚೀನಾದ ಸೆಮಿಕಂಡಕ್ಟರ್ ವಿಜ್ಞಾನದ ಕಥೆಯೇ ಇಲ್ಲ. (ಬಾಂಬಿನ ಕೆಲಸಕ್ಕೆ ಕೈಹಾಕದ ಬಾರ್ನ್ ಶಿಷ್ಯರಲ್ಲೇ ಪೆಂಗ್ ಮತ್ತು ಚೆಂಗ್ ಚೀನಾದ ಬಾಂಬ್ ಮಾಡಿದವರು! ಸಾಲದ್ದಕ್ಕೆ ಬಾಂಬಿನ ಗುಟ್ಟು ರಷ್ಯಾಕ್ಕೆ ದಾಟಿಸಿದ ಕ್ಲಾಸ್ ಫುಕ್ಸ್ ಕೂಡ ಎಡಿನ್‌ಬರೋದಲ್ಲಿ ಇವರ ಬಳಿಯೇ ಇದ್ದವನು.)

ಈಗ ಇದನ್ನ ಬೆಂಗಳೂರಿಗೆ ತಂದು ನೋಡಿ. ಬಾರ್ನ್ 1936ರಲ್ಲಿ ಉಳಿದಿದ್ದರೆ, 1939ರಲ್ಲಿ ಹೋಮಿ ಭಾಭಾ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದಾಗ ಪಕ್ಕದ ಕೋಣೆಯಲ್ಲಿ ಬಾರ್ನ್ ಇರ್ತಿದ್ದರು. ವಿಕ್ರಂ ಸಾರಾಭಾಯಿ ಕೂಡ ಆಗ ಅಲ್ಲೇ. ಅವರಿಬ್ಬರಾದರೂ ಹೇಗೋ ಬೆಳೆದರು ಬಿಡಿ, ಶ್ರೀಮಂತರ ಮನೆ ಮಕ್ಕಳು. ನನಗೆ ಹೊಟ್ಟೆ ಉರಿಯೋದು ಸೆಂಟ್ರಲ್ ಕಾಲೇಜಿನಲ್ಲೋ ಮೈಸೂರಿನ ಮಹಾರಾಜಾ ಕಾಲೇಜಿನಲ್ಲೋ ಓದಿ, ವಿಲಾಯತಿಗೆ ಹೋಗೋಕೆ ಗತಿಯಿಲ್ಲದ ಹುಡುಗರಿಗಾಗಿ. ಅವರಿಗೆ ಗಟಿಂಗನ್ನೇ ಯಶವಂತಪುರದ ಹತ್ತಿರಕ್ಕೆ ಬಂದಿತ್ತು, ಆರು ತಿಂಗಳಿದ್ದು ಹೋಯ್ತು.

ಹಾಗಂತ ಎಲ್ಲಾ ಸುಖವಾಗಿರ್ತಿತ್ತು ಅಂತ ನಾನು ಹೇಳಲ್ಲ. 1940ರ ದಶಕದಲ್ಲಿ ಸ್ಫಟಿಕದ ಅಣುಗಳು ಹೇಗೆ ಕಂಪಿಸುತ್ತವೆ ಅನ್ನೋದರ ಬಗ್ಗೆ ರಾಮನ್‌ಗೂ ಬಾರ್ನ್‌ಗೂ ದೊಡ್ಡ ಜಟಾಪಟಿ ನಡೀತು. ಬಾರ್ನ್ ಹೇಳಿದ್ದೇ ಸರಿ ಅಂತ ಆಮೇಲೆ ಗೊತ್ತಾಯ್ತು, ರಾಮನ್ ಕೊನೆವರೆಗೂ ಒಪ್ಪಲಿಲ್ಲ. ಒಂದೇ ಕಾಂಪೌಂಡಿನಲ್ಲಿ ಇದ್ದಿದ್ದರೆ ಏನಾಗ್ತಿತ್ತೋ, ದೇವರೇ ಬಲ್ಲ! ಆದರೂ ಹುಡುಗರಿಗೆ ಆ ಜಗಳವೇ ಒಂದು ಪಾಠ ಆಗ್ತಿತ್ತು ಅನ್ನಿಸುತ್ತೆ. ಇಬ್ಬರು ದೊಡ್ಡವರು ಒಂದು ವಜ್ರದ ಚೂರಿನ ಬಗ್ಗೆ ಹಟ ಹಿಡಿದು ವಾದಿಸೋದನ್ನ ಬೋರ್ಡಿನ ಮುಂದೆಯೇ ಕೂತು ನೋಡೋ ಭಾಗ್ಯ ಯಾರಿಗಿದೆ?

ಇದನ್ನೆಲ್ಲ ಹಳೇ ಕಥೆ ಅಂತ ಬಿಟ್ಟುಬಿಡಬಹುದಿತ್ತು. ನನ್ನ ಜೊತೆ ಎಂಎಸ್ಸಿ ಓದಿದ ಗೆಳೆಯನೊಬ್ಬ ವರ್ಷಾನುಗಟ್ಟಲೆ ಅತಿಥಿ ಉಪನ್ಯಾಸಕ. ಅವನ ಕ್ಲಾಸಿಗೆ ಬೇರೆ ಸೆಕ್ಷನ್ನಿನ ಹುಡುಗರೂ ಬಂದು ಹಿಂದೆ ನಿಂತು ಕೇಳ್ತಾರೆ. ಒಂದು ಸಲ ಖಾಯಂ ಹುದ್ದೆಯ ಸಂದರ್ಶನ ಹತ್ತೇ ನಿಮಿಷದಲ್ಲಿ ಮುಗೀತು. ಪಾಠದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ನಿಮ್ಮ ಗೈಡ್ ಯಾರು, ಯಾವ ಕಡೆಯವರು, ಎಷ್ಟು ಪೇಪರ್, ಅಷ್ಟೆ. 2010ರಲ್ಲಿ ಯುಜಿಸಿ ಎಪಿಐ ಅಂತ ಒಂದು ಅಂಕದ ಪದ್ಧತಿ ತಂದಾಗಿನಿಂದ ಪೇಪರ್ ಎಣಿಸೋ ಚಟ ಎಷ್ಟು ಬೆಳೀತು, ಅದಕ್ಕೋಸ್ಕರವೇ ದುಡ್ಡು ಕೊಟ್ಟರೆ ಅಚ್ಚು ಹಾಕೋ ಪತ್ರಿಕೆಗಳು ಎಷ್ಟು ಹುಟ್ಟಿದವು ಅನ್ನೋದು ಪಾಠ ಮಾಡೋ ನಿಮಗೆಲ್ಲ ಗೊತ್ತೇ ಇದೆ. ಬಾರ್ನ್ ಬಳಿ ಪೇಪರಿಗೇನೂ ಕಮ್ಮಿ ಇರಲಿಲ್ಲ, ಎಣಿಕೆಯಲ್ಲೂ ಪಾಸಾಗ್ತಿದ್ದರು. ಆದರೆ ಪೌಲಿಯನ್ನ ಹಾಸಿಗೆಯಿಂದ ಎಬ್ಬಿಸಿದ್ದಕ್ಕೆ ಎಷ್ಟು ಅಂಕ? ಆಪನ್‌ಹೈಮರ್ ಕಣ್ಣಿಗೆ ಬೀಳೋ ಹಾಗೆ ಕಾಗದ ಇಟ್ಟು ಹೊರಗೆ ಹೋಗಿದ್ದಕ್ಕೆ? ಸಂದರ್ಶನಕ್ಕೆ ಕೂರೋರು ಅಭ್ಯರ್ಥಿಯ ಒಂದೇ ಒಂದು ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಲಿ, ಆಮೇಲೆ ಬೇಕಾದ್ದು ತೀರ್ಮಾನ ಮಾಡಲಿ ಅಂತ ನಾನು ಹೇಳೋದು. ಅದಕ್ಕೆ ಸಮಿತಿ, ಸುತ್ತೋಲೆ ಏನೂ ಬೇಡ.

ಅಂದ ಹಾಗೆ, ಹಾಡುಗಾರ್ತಿ ಒಲಿವಿಯಾ ನ್ಯೂಟನ್-ಜಾನ್ ಇದೇ ಬಾರ್ನ್ ಅವರ ಮೊಮ್ಮಗಳು, ಮಗಳ ಮಗಳು. 2022ರಲ್ಲಿ ತೀರಿಕೊಂಡರು. ಭೌತಶಾಸ್ತ್ರ ಓದಿದವರಲ್ಲೂ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಹೇಳಿ ನೋಡಿ, ನಂಬಲ್ಲ :)

ಇನ್ನೊಂದು ಮಾತು. ಬಾರ್ನ್ ದಂಪತಿ ಇಲ್ಲಿದ್ದ ಆರು ತಿಂಗಳ ಬಗ್ಗೆ ನಮಗೆ ಸಿಗೋದು ಬಹುಪಾಲು ಇಂಗ್ಲಿಷಿನಲ್ಲಿ, ಅದೂ ಅವರ ಕಡೆಯಿಂದ. ಮಲ್ಲೇಶ್ವರ, ಯಶವಂತಪುರದ ಕಡೆ ನಿಮ್ಮ ಮನೆಯ ಅಜ್ಜನೋ ಮುತ್ತಜ್ಜನೋ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಆಗ ಕೆಲಸಕ್ಕಿದ್ದರೆ, ಆ ಜರ್ಮನ್ ಮೇಷ್ಟ್ರ ಬಗ್ಗೆ ಮನೆಯಲ್ಲಿ ಏನಾದರೂ ಮಾತು ಉಳಿದಿದ್ದರೆ, ದಯವಿಟ್ಟು ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ಎರಡೇ ಸಾಲಾದರೂ ಸರಿ.