ಹೂದೋಟದ ಪಂಜರವೂ ಹಕ್ಕಿಗಳ ಸಾಕಣೆಯೂ

ಹಕ್ಕಿಗಳ ಮೇಲಣ ಪ್ರೀತಿಯು ಮಕ್ಕಳಿಗೆ ಸಹಜವಾದುದು. ಆದರೆ ಪ್ರೀತಿಸುವುದು ಬೇರೆ, ಹಿಡಿದಿಟ್ಟುಕೊಳ್ಳುವುದು ಬೇರೆ. ಪೆರಾಬೆಯಂತಹ ಹಳ್ಳಿಯಲ್ಲಿಯೂ ಹೂದೋಟದ ಮೂಲೆಯಲ್ಲಿ ತಂತಿಬಲೆಯ ಪಂಜರವನ್ನು ಕಟ್ಟಿಸಿ ಹಕ್ಕಿಗಳನ್ನು ಸಾಕಬೇಕೆಂಬ ಆಶೆಯು ಹುಟ್ಟುವುದುಂಟು. ಆ ಆಶೆಯು ಯುಕ್ತವೋ ಎಂಬುದನ್ನು ನಾವು ಇಲ್ಲಿ ವಿಚಾರಿಸುವೆವು.

ಮೊದಲನೆಯದಾಗಿ, ನಮ್ಮ ನಾಡಿನ ಹಕ್ಕಿಗಳ ಮಾತು. ತೆಂಗಿನ ಒಣಕಾಂಡದ ಪೊಟರೆಯಿಂದ ಗಿಳಿಮರಿಗಳನ್ನು ತೆಗೆದು ತಂದು ಮಾತು ಕಲಿಸುವ ಪದ್ಧತಿಯು ನಮ್ಮಲ್ಲಿ ಹಿಂದಿನಿಂದಲೂ ಇತ್ತು. ಇದನ್ನು ದೋಷವೆಂದು ಹಿರಿಯರು ಎಣಿಸಲಿಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಗಿಳಿಯನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ ಅಪರಾಧವಾಗಿರುತ್ತದೆ. ಬೆಟ್ಟದ ಮೈನಾ ಮೊದಲಾದ ಕಾಡುಹಕ್ಕಿಗಳಿಗೂ ಅದೇ ರಕ್ಷಣೆಯುಂಟು. ಕಾಯಿದೆಗೆ ಅಂಜಿ ಬಿಡಬೇಕೆಂದು ನಾವು ಹೇಳುವುದಿಲ್ಲ. ಕಾಯಿದೆಯ ಹಿಂದಿರುವ ನ್ಯಾಯವನ್ನು ತಿಳಿಯಬೇಕೆಂದೇ ಹೇಳುವೆವು. ಗಿಳಿಯು ಗುಂಪಿನಲ್ಲಿ ಬಾಳುವ ಪ್ರಾಣಿ. ಬೆಳಿಗ್ಗೆ ಮೇವಿಗಾಗಿ ದೂರ ಹಾರಿಹೋಗಿ ಸಂಜೆ ಒಂದೇ ಮರಕ್ಕೆ ನೂರಾರು ಕೂಡಿ ಮರಳುವುದು ಅದರ ಸ್ವಭಾವ. ಅಂತಹದನ್ನು ಒಂಟಿಯಾಗಿ ಒಂದು ಮೊಳದ ಗೂಡಿನಲ್ಲಿಟ್ಟರೆ, ಅದು ಬೇಸರದಿಂದ ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುವುದುಂಟು. ಅದು ಆಡುವ ನಾಲ್ಕು ಮಾತು ಸಂತೋಷದ ಗುರುತೆಂದು ತಿಳಿಯಬಾರದು; ತನ್ನ ಜಾತಿಯ ಸಂಗವಿಲ್ಲದೆ ಅದು ನಮ್ಮ ಸಂಗವನ್ನು ಹುಡುಕುತ್ತದೆ, ಅಷ್ಟೇ.

ಎರಡನೆಯದು, ಪರದೇಶದ ಹಕ್ಕಿಗಳು. ಇಂದು ಅಂಗಡಿಗಳಲ್ಲಿ ದೊರಕುವ ಬಜರಿಗರ್ ಹಕ್ಕಿಯು ಆಸ್ಟ್ರೇಲಿಯದ ಒಣಬಯಲಿನದು; ಜಾನ್ ಗೌಲ್ಡ್ ಎಂಬ ಪಕ್ಷಿಶಾಸ್ತ್ರಜ್ಞನು 1840ರಲ್ಲಿ ಅದನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದನು. ಅಲ್ಲಿಂದೀಚೆಗೆ ಅದು ಪಂಜರದಲ್ಲಿಯೇ ಹುಟ್ಟಿ, ಪಂಜರದಲ್ಲಿಯೇ ತಲೆಮಾರುಗಳನ್ನು ಕಳೆದಿದೆ. ಲವ್‌ಬರ್ಡ್‌ಗಳ ಮೂಲಸ್ಥಾನವು ಆಫ್ರಿಕ. ಇವುಗಳ ಮೇಲೆ ಕರುಣೆಗೊಂಡು ಬಾಗಿಲನ್ನು ತೆರೆದು ಹಾರಿಬಿಡುವುದು ಪುಣ್ಯವೆಂದು ಕೆಲವರು ತಿಳಿಯುತ್ತಾರೆ. ಅದು ಕರುಣೆಯಲ್ಲ, ಮರಣದಂಡನೆ. ಮೇವನ್ನು ಹುಡುಕಲರಿಯದ ಆ ಹಕ್ಕಿಯು ಕಾಗೆಗಾಗಲಿ ಗಿಡುಗಕ್ಕಾಗಲಿ ಬೇಗನೆ ತುತ್ತಾಗುವುದು. ಇಲ್ಲವೆ ನಮ್ಮ ಮಳೆಗೆ ಸಿಕ್ಕಿ ಸಾಯುವುದು. ಆದುದರಿಂದ ತಂದವರು ಅದರ ಆಯುಷ್ಯದ ಕೊನೆಯ ವರೆಗೆ ಹೊಣೆಗಾರರು. ಇನ್ನು ಮಕಾವ್ ಮೊದಲಾದ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಹಕ್ಕಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಸರಕಾರದಲ್ಲಿ ನೋಂದಾಯಿಸತಕ್ಕದ್ದು.

ಈ ಹೊಣೆಯನ್ನು ಹೊತ್ತವರಿಗೆ ಪಂಜರದ ವಿಷಯವಾಗಿ ಎರಡು ಮಾತು ಹೇಳುವೆವು. ಹಕ್ಕಿಯು ಅಡ್ಡಲಾಗಿ ಹಾರುವುದರಿಂದ ಪಂಜರದ ಎತ್ತರಕ್ಕಿಂತ ಉದ್ದವು ಮುಖ್ಯ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವುದರಿಂದ, ಗಾಳಿಮಳೆ ಬರುವ ಪಡುದಿಕ್ಕಿಗೆ ಗೋಡೆಯೂ ಮೇಲೆ ಭದ್ರವಾದ ಮಾಡೂ ಇರಬೇಕು. ತಂತಿಯ ಕಣ್ಣು ಅರ್ಧ ಅಂಗುಲವನ್ನು ಮೀರಬಾರದು. ಮೀರಿದರೆ ಇಲಿಯೂ ಅದನ್ನು ಅರಸಿಕೊಂಡು ಹಾವೂ ಒಳಹೊಗುವುವು. ಅಡಿಕೆತೋಟದ ಬದಿಯಲ್ಲಿ ಪಂಜರವಿದ್ದರೆ, ಕೊಳೆರೋಗಕ್ಕೆ ಮದ್ದು ಬಿಡುವ ದಿನ ಅದನ್ನು ಮುಚ್ಚಿ, ನೀರಿನ ಪಾತ್ರೆಯನ್ನು ಒಳಗಿಡತಕ್ಕದ್ದು. ಯಾಕಂದರೆ ಮೈಲುತುತ್ತು ಹಕ್ಕಿಗಳಿಗೆ ವಿಷ. ಬೆಣ್ಣೆಹಣ್ಣೂ ಗಿಳಿಯ ಜಾತಿಗೆ ವಿಷವೇ. ಇಷ್ಟು ಕಷ್ಟವನ್ನು ದಿನಂಪ್ರತಿ ಸಹಿಸಲಾರದವರು ಹಕ್ಕಿಯನ್ನು ಕೊಳ್ಳದಿರುವುದೇ ಲೇಸು.

ಪಂಜರವಿದ್ದರೆ ಮಕ್ಕಳಿಗೆ ಪಕ್ಷಿಗಳ ಜ್ಞಾನವುಂಟಾಗುವುದೆಂದು ತಂದೆತಾಯಿಗಳು ಹೇಳುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಹೊತ್ತಿಗೆ ಸರಿಯಾಗಿ ನೀರಿಟ್ಟು ಗೂಡನ್ನು ಗುಡಿಸುವ ಬಾಲಿಕೆಯು ಕ್ರಮವನ್ನೂ ಕರ್ತವ್ಯವನ್ನೂ ಕಲಿಯುವಳು. ಆದರೆ ಹಕ್ಕಿಯ ವಿಷಯವಾಗಿ ಅವಳು ಕಲಿಯುವುದು ಬಣ್ಣವನ್ನೂ ಸ್ವರವನ್ನೂ ಮಾತ್ರ. ಸಿಂಪಿಗ ಹಕ್ಕಿಯು ಎಲೆಯ ಅಂಚುಗಳನ್ನು ಹೊಲಿದು ಗೂಡುಮಾಡುವ ಚಾತುರ್ಯವನ್ನು ಯಾವ ಪಂಜರವು ತೋರಿಸೀತು? ಗಂಡು ಮಂಗಟ್ಟೆಯು ಪೊಟರೆಯೊಳಗೆ ಮುಚ್ಚಿಕೊಂಡು ಕುಳಿತ ಹೆಣ್ಣಿಗೆ ಕಿರುಗಂಡಿಯಿಂದ ಹಣ್ಣು ತಂದುಣಿಸುವುದನ್ನು ಎಲ್ಲಿ ನೋಡಬಹುದು? ಸಲೀಂ ಅಲಿಯವರು 1941ರಲ್ಲಿ ಭಾರತದ ಹಕ್ಕಿಗಳ ಪುಸ್ತಕವನ್ನು ಪ್ರಕಟಿಸಿ ಸಾಮಾನ್ಯ ಜನರಿಗೆ ಪಕ್ಷಿವೀಕ್ಷಣೆಯ ರುಚಿಯನ್ನು ಹತ್ತಿಸಿದರು. ಅದಕ್ಕೆ ಬೇಕಾಗುವುದು ಕಣ್ಣು, ಕಿವಿ, ತಾಳ್ಮೆ ಮತ್ತು ಒಂದು ಟಿಪ್ಪಣಿ ಪುಸ್ತಕ.

ನಮ್ಮ ಅಭಿಪ್ರಾಯದಲ್ಲಿ ಪೆರಾಬೆಯ ಮನೆಗಳಿಗೆ ಹಿತ್ತಿಲೇ ತಕ್ಕ ಪಕ್ಷಿಶಾಲೆ. ದಾಸವಾಳವನ್ನೂ ಕೇಪುಳವನ್ನೂ ನೆಟ್ಟರೆ ಸೂರಕ್ಕಿಗಳು ಬರುವುವು. ಪೇರಳೆಯ ನಾಲ್ಕು ಹಣ್ಣನ್ನು ಮರದಲ್ಲಿಯೇ ಬಿಟ್ಟರೆ ಪಿಕಳಾರಗಳು ಬರುವುವು. ಒಣಗಿದ ಕೊಂಬೆಯನ್ನು ಕಡಿಯದೆ ಉಳಿಸಿದರೆ ಕುಟ್ರುಹಕ್ಕಿಯು ತಾನೇ ತೂತು ಕೊರೆದು ಸಂಸಾರ ಹೂಡುವುದು. ಬೇಸಗೆಯಲ್ಲಿ ಒಂದು ಮಣ್ಣಿನ ತಟ್ಟೆಯಲ್ಲಿ ನೀರನ್ನಿಟ್ಟು, ದಿನಾಲೂ ಬದಲಿಸಿದರೆ ಸಾಕು. ಗೂಡಿನಿಂದ ಬಿದ್ದ ಮರಿಯು ಸಿಕ್ಕಿದರೆ ಮನೆಯೊಳಗೆ ತರದೆ ಗೂಡಿಗೆ ಇಲ್ಲವೆ ಹತ್ತಿರದ ಕೊಂಬೆಗೆ ಸೇರಿಸಬೇಕು. ಗಾಯಗೊಂಡುದಾದರೆ ಅರಣ್ಯ ಇಲಾಖೆಯವರಿಗೆ ಒಪ್ಪಿಸಬೇಕು. ಪಂಜರದಲ್ಲಿ ಬೆಳೆದ ಗಿಳಿಯನ್ನೂ ಅವಸರದಿಂದ ಹಾರಿಬಿಡದೆ ಅವರಿಗೇ ಕೊಡುವುದು ಯುಕ್ತ.

ಆದುದರಿಂದ, ಸಹೋದರಿಯರೇ, ಹೊರಗೆ ಬದುಕಲಾರದ ಹಕ್ಕಿಗೆ ಪಂಜರವು ಆಶ್ರಯವಾಗಲಿ. ಬದುಕಬಲ್ಲದಕ್ಕೆ ಅದು ಸೆರೆಮನೆಯಾಗದಿರಲಿ. ಈ ಭೇದವನ್ನು ನಾವು ಮನೆಯವರಿಗೆ ತಿಳಿಸಿಕೊಡಬೇಕು. ತಮ್ಮನು ಪೊಟರೆಗೆ ಕೈಹಾಕುವಾಗ ತಡೆಯುವ ಅಕ್ಕನೊಬ್ಬಳು ಪ್ರತಿ ಮನೆಯಲ್ಲಿದ್ದರೆ, ಸಂಜೆಯ ಹೊತ್ತು ನಮ್ಮ ತೋಟಗಳ ಮೇಲೆ ಗಿಳಿಗಳ ಹಿಂಡು ಕೂಗುತ್ತಾ ಹಾದುಹೋಗುವುದು ಮುಂದಣವರಿಗೂ ಕೇಳಿಸುವುದು.