ಮನೆಗೊಂದು ಫೋನು

ಮೊಳಕಾಲ್ಮೂರು ತಾಲ್ಲೂಕು ಆಂಧ್ರದ ಗಡಿಗೆ ತಾಗಿದುದು. ಕೊಂಡ್ಲಹಳ್ಳಿಯ ಸೀಮೆಯಲ್ಲಿ ಆಡುವ ಮಾತು ತೆಲುಗು, ಓದುವ ಬರಹ ಕನ್ನಡ ಎಂಬ ಮನೆಗಳುಂಟು. ಅಲ್ಲಿಯ ಬೆರಕೆ ಮಾತು ಯಾವ ನಿಘಂಟಿನಲ್ಲಿಯೂ ಸಿಕ್ಕದು. ಮೊಬೈಲಿನ ಕೀಲಿಮಣೆಯಾದರೋ, ಪದೇ ಪದೇ ಬರೆದ ಪದವನ್ನು ನೆನಪಿನಲ್ಲಿಟ್ಟು, ಮರುಸಲ ಒಂದೆರಡಕ್ಷರ ಒತ್ತುವಷ್ಟರಲ್ಲಿಯೇ ಅದನ್ನು ಮುಂದಿಡುವುದು. ಬಳಸುವವರಿಗೆ ತಕ್ಕಂತೆ ಯಂತ್ರವೇ ಹೊಂದಿಕೊಳ್ಳುವುದೆಂದರೆ ಇದೇ.

ಆದರೆ ಅದು ಕಲಿಯುವುದು ಒಬ್ಬರೆಂದೆಣಿಸಿ. ನಮ್ಮಲ್ಲಿ ಫೋನು ಒಂದು, ಹಿಡಿಯುವ ಕೈ ನಾಲ್ಕು! ಮಗನು ಗೆಳೆಯರಿಗೆ ಬರೆದ ಪೋಲಿಮಾತು ತಂದೆಯ ವ್ಯವಹಾರದ ಪತ್ರದಲ್ಲಿ ಇಣುಕುವುದು. ಅಜ್ಜಿಗೆಂದು ಹಿರಿದು ಮಾಡಿದ ಅಕ್ಷರವನ್ನು ಮೊಮ್ಮಗನು ಸಂಜೆಗೆ ಕಿರಿದು ಮಾಡುವನು. ಬೆಳಗ್ಗೆ ಪಿಂಚಣಿಯ ಸಂದೇಶ ಬಂದರೆ ಆಕೆ ಅನ್ಯರಿಂದ ಓದಿಸಬೇಕು. ತನ್ನ ಹಣದ ಲೆಕ್ಕವನ್ನು ಪರರ ಬಾಯಲ್ಲಿ ಕೇಳುವ ಸಂಕೋಚವನ್ನು ವೃದ್ಧರೇ ಬಲ್ಲರು.

ಆಂಡ್ರಾಯ್ಡ್ ಫೋನುಗಳಲ್ಲಿ 2014ರಿಂದ ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆ ತೆರೆಯುವ ಏರ್ಪಾಡುಂಟು. ಕೆಲವು ತಯಾರಕರು ಮಾತ್ರ ಅದನ್ನು ಮುಚ್ಚಿರುವರು. ಇದ್ದಲ್ಲಿ ಮುಖ್ಯ ಖಾತೆ ಅಜ್ಜಿಯದಾಗಿರಲಿ, ಹುಡುಗರಿಗೆ ಬೇರೆಯದು ಸಾಕು. ಇಲ್ಲದಲ್ಲಿ, ಅಕ್ಷರದ ಅಳತೆಯನ್ನು ಮುಟ್ಟದೆ ಬೇಕೆಂದಾಗಷ್ಟೆ ತೆರೆಯನ್ನು ಹಿಗ್ಗಿಸುವ ಸೌಕರ್ಯವನ್ನು ಸೆಟ್ಟಿಂಗ್ಸಿನಲ್ಲಿ ಒಮ್ಮೆ ತೆರೆದಿಟ್ಟು, ಅದರ ಬಳಕೆಯನ್ನು ಆಕೆಗೆ ನಾಲ್ಕು ಸಲ ಮಾಡಿ ತೋರಿಸಿರಿ.