ಸೇನೆ ಕಳಿಸಿದವರು ಸಂಸತ್ತಿಗೆ ಲೆಕ್ಕ ಕೊಡಲಿ

ಸಂವಿಧಾನದ 53ನೇ ವಿಧಿ ರಕ್ಷಣಾ ಪಡೆಗಳ ಸರ್ವೋಚ್ಚ ದಂಡನಾಯಕತ್ವವನ್ನು ರಾಷ್ಟ್ರಪತಿಗೆ ಕೊಟ್ಟಿದೆ. ಆ ಅಧಿಕಾರ ಕಾನೂನಿನ ಪ್ರಕಾರವೇ ಚಲಾವಣೆಯಾಗಬೇಕು ಎಂದೂ ಅಲ್ಲೇ ಹೇಳಿದೆ. ಮೊದಲ ಮಾತು ಶಾಲೆಯ ಮಕ್ಕಳಿಗೂ ಬಾಯಿಪಾಠ. ಎರಡನೆಯದು ಇನ್ನೂ ಅರ್ಧದಲ್ಲೇ ನಿಂತಿದೆ. ಸೈನಿಕನ ಶಿಸ್ತಿಗೆ 1950ರ ಸೇನಾ ಕಾಯ್ದೆ ಇದೆ. ಅವನನ್ನು ಯುದ್ಧಕ್ಕೆ ಕಳಿಸುವ ಸರ್ಕಾರ ಸಂಸತ್ತಿನ ಒಪ್ಪಿಗೆ ಪಡೆಯಬೇಕು ಎನ್ನುವ ಕಾಯ್ದೆ ಇಲ್ಲ. ಅದು ಬರಬೇಕು ಎಂಬುದು ನಿವೃತ್ತ ಸೈನಿಕನಾದ ನನ್ನ ಒತ್ತಾಯ.

ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರ ಮನೆಯವನು. 1987ರ ಜುಲೈ 29ರಂದು ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಶಾಂತಿ ಕಾಯಲೆಂದು ಹೋದ ನಾವು ಅಕ್ಟೋಬರಿನಲ್ಲಿ ಜಾಫ್ನಾದ ಓಣಿಗಳಲ್ಲಿ ಎಲ್‌ಟಿಟಿಇ ವಿರುದ್ಧ ಹೋರಾಡುತ್ತಿದ್ದೆವು. ತಾಳೆಮರಗಳ ನಡುವಿನ ಕಾಲುದಾರಿಯಲ್ಲಿ ಮುಂದಿನವನ ಹೆಜ್ಜೆಗುರುತಿನ ಮೇಲೇ ಹೆಜ್ಜೆ ಇಡಬೇಕಿತ್ತು. ಪಕ್ಕಕ್ಕೆ ಸರಿದರೆ ನೆಲಬಾಂಬಿನ ಭಯ. ಊರಿನಲ್ಲಿ ಅಮ್ಮ ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಾ, ನನ್ನ ಸುದ್ದಿ ಏನಾದರೂ ಬಂದೀತೆಂದು ಆಕಾಶವಾಣಿಗೆ ಕಿವಿಗೊಟ್ಟು ಕೂರುತ್ತಿದ್ದರು. ಸುಮಾರು 1,200 ಯೋಧರನ್ನು ಕಳೆದುಕೊಂಡು, 1990ರ ಮಾರ್ಚ್‌ನಲ್ಲಿ ಪಡೆ ಪೂರ್ತಿ ಹಿಂದಿರುಗಿತು.

ನಮ್ಮನ್ನು ಕಳಿಸಲು ಲೋಕಸಭೆಯ ಮತ ಬೇಕಿರಲಿಲ್ಲ. ಶಾಂತಿಪಾಲನೆ ಯುದ್ಧವಾಗಿ ತಿರುಗಿದಾಗಲೂ ಬೇಕಿರಲಿಲ್ಲ. ಆಜ್ಞೆ ಪಾಲಿಸುವುದು ಸೈನಿಕನ ಧರ್ಮ. ಅದನ್ನು ನಾವು ಪಾಲಿಸಿದೆವು. ಆಜ್ಞೆ ಏಕೆ, ಎಲ್ಲಿಯವರೆಗೆ ಎಂದು ಕೇಳುವುದು ಜನಪ್ರತಿನಿಧಿಯ ಧರ್ಮ. ಕೇಳಲೇಬೇಕು ಎಂಬ ಕಟ್ಟುಪಾಡು ಮಾತ್ರ ಇಲ್ಲ.

ರಾಷ್ಟ್ರಪತಿ 74ನೇ ವಿಧಿಯಂತೆ ಮಂತ್ರಿಮಂಡಲದ ಸಲಹೆ ಮೇರೆಗೆ ನಡೆಯುತ್ತಾರೆ, ಮಂತ್ರಿಮಂಡಲ ಲೋಕಸಭೆಗೆ ಹೊಣೆ, ಇಷ್ಟು ಸಾಲದೇ ಎನ್ನುವವರಿದ್ದಾರೆ. ಸಾಲದು ಎಂಬುದಕ್ಕೆ 1975ರ ಜೂನ್ 25ರ ರಾತ್ರಿಯೇ ಸಾಕ್ಷಿ. ಸಂಪುಟ ಸಭೆ ಸೇರುವ ಮೊದಲೇ, ಪ್ರಧಾನಿಯ ಪತ್ರದ ಮೇಲೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತುರ್ತುಪರಿಸ್ಥಿತಿಗೆ ಸಹಿ ಹಾಕಿದರು. ಪಾಠ ಕಲಿತ ಸಂಸತ್ತು 1978ರ 44ನೇ ತಿದ್ದುಪಡಿಯಲ್ಲಿ ಬಿಗಿ ಮಾಡಿತು: ಸಂಪುಟದ ನಿರ್ಧಾರ ಲಿಖಿತವಾಗಿ ಬರಬೇಕು, ಒಂದು ತಿಂಗಳೊಳಗೆ ಎರಡೂ ಸದನಗಳು ವಿಶೇಷ ಬಹುಮತದಿಂದ ಒಪ್ಪಬೇಕು. ತುರ್ತುಪರಿಸ್ಥಿತಿಗೆ ಇರುವ ಈ ಕಡಿವಾಣ ಸೇನೆ ಕಳಿಸುವುದಕ್ಕೆ ಏಕಿಲ್ಲ?

ಯುದ್ಧಕಾಲದಲ್ಲಿ ಚರ್ಚೆ ಮಾಡುತ್ತಾ ಕೂತರೆ ಗಡಿ ಕಾಯುವವರಾರು ಎಂಬ ಆತಂಕ ಸಹಜ. ಆದರೆ 1962ರಲ್ಲಿ ಚೀನಾದ ಜೊತೆ ಯುದ್ಧ ನಡೆಯುತ್ತಿರುವಾಗಲೇ, ನವೆಂಬರ್ 8ರಂದು ಸಂಸತ್ತು ಸೇರಿ ಬಹಿರಂಗವಾಗಿ ಚರ್ಚಿಸಿತು. 1999ರ ಕಾರ್ಗಿಲ್ ಯುದ್ಧದಲ್ಲಿ ಲೋಕಸಭೆ ವಿಸರ್ಜನೆಯಾಗಿತ್ತು. ರಾಜ್ಯಸಭೆ ಕರೆಯಿರೆಂಬ ವಿರೋಧ ಪಕ್ಷಗಳ ಬೇಡಿಕೆ ಈಡೇರಲಿಲ್ಲ. ಸದನ ಸೇರುವುದು ಸರ್ಕಾರದ ಮರ್ಜಿಗೆ ಬಿಟ್ಟಿದ್ದಾಗಬಾರದು.

ವಿಯೆಟ್ನಾಂ ಯುದ್ಧದಲ್ಲಿ ಬೆಂದ ಅಮೆರಿಕ, 1973ರಲ್ಲಿ ಅಧ್ಯಕ್ಷ ನಿಕ್ಸನ್ ತಡೆದರೂ ಬಿಡದೆ ಕಾಯ್ದೆ ತಂದಿತು: ಸೇನೆಯನ್ನು ಕಾಳಗಕ್ಕಿಳಿಸಿದ ಅಧ್ಯಕ್ಷರು 48 ಗಂಟೆಯೊಳಗೆ ವರದಿ ಕೊಡಬೇಕು, ಕಾಂಗ್ರೆಸ್ಸಿನ ಒಪ್ಪಿಗೆ ಸಿಗದಿದ್ದರೆ 60 ದಿನಗಳಲ್ಲಿ ಕಾಳಗ ನಿಲ್ಲಬೇಕು. 2011ರ ಲಿಬಿಯಾದಲ್ಲಿ ಆದಂತೆ ಅಧ್ಯಕ್ಷರು ನುಣುಚಿಕೊಂಡದ್ದೂ ಉಂಟು. ಜರ್ಮನಿಯ 2005ರ ಕಾಯ್ದೆ ಇನ್ನೂ ಗಟ್ಟಿ. ಅಲ್ಲಿ ಹೊರದೇಶಕ್ಕೆ ಸಶಸ್ತ್ರ ಪಡೆ ಹೊರಡಲು ಸಂಸತ್ತು ಒಪ್ಪಬೇಕು.

ಉತ್ತರದಾಯಿತ್ವವಿಲ್ಲದ ಬಂದೂಕು ಏನು ಮಾಡುತ್ತದೆಂದು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಅಂದು ಮೈಸೂರು ಸಂಸ್ಥಾನದ ದಿವಾನರ ಆಡಳಿತ ಪ್ರಜಾಪ್ರತಿನಿಧಿ ಸಭೆಗೆ ಹೊಣೆಯಾಗಿರಲಿಲ್ಲ. ಜವಾಬ್ದಾರಿ ಸರ್ಕಾರ ಬೇಕೆಂದು ನಡೆದ ಚಳವಳಿಯಲ್ಲೇ ಆ ಜನ ಪ್ರಾಣ ಕೊಟ್ಟದ್ದು.

ಗೌರಿಬಿದನೂರು, ಚಿಕ್ಕಬಳ್ಳಾಪುರ ಒಂದು ಲೋಕಸಭಾ ಕ್ಷೇತ್ರದಲ್ಲಿವೆ. ಶಿಡ್ಲಘಟ್ಟ, ಚಿಂತಾಮಣಿ ಕೋಲಾರ ಕ್ಷೇತ್ರಕ್ಕೆ ಸೇರಿವೆ. ಈ ಎರಡೂ ಕ್ಷೇತ್ರಗಳ ಸಂಸದರು ಪಕ್ಷ ಮರೆತು ಒಂದು ಖಾಸಗಿ ಮಸೂದೆ ತರಲಿ. ದಾಳಿಯಾದಾಗ ತಕ್ಷಣ ತಿರುಗಿ ಹೊಡೆಯುವ ಅಧಿಕಾರ ಸರ್ಕಾರಕ್ಕಿರಲಿ. ಆದರೆ ಹೊರದೇಶಕ್ಕೆ ಪಡೆ ಹೋದರೆ, ಕಾಳಗ ಮುಂದುವರಿದರೆ, ನಿಗದಿತ ದಿನದೊಳಗೆ ಸದನ ಸೇರಲಿ, ಉದ್ದೇಶ ತಿಳಿಸಲಿ, ಮತಕ್ಕೆ ಹಾಕಲಿ. ಪ್ರಾಣ ಕೊಡಲು ಸಿದ್ಧನಾಗಿ ಹೊರಡುವ ಹುಡುಗನ ಹಿಂದೆ ಇಡೀ ದೇಶದ ಒಪ್ಪಿಗೆ ಇದೆಯೆಂದು ತೋರಿಸುವ ದಾರಿ ಅದೊಂದೇ.